ಮನೆಯ ಬೆಕ್ಕು, ಅಂಗಳದ ಹಕ್ಕಿ: ಯಾವ ಉಪಾಯ ಎಷ್ಟು ಕೆಲಸ ಮಾಡುತ್ತದೆ?

ಹೋದ ವರ್ಷ ಏಪ್ರಿಲ್. ಬೆಳಗ್ಗೆ ಇನ್ನೂ ಆರು ಗಂಟೆ ಆಗಿರಲಿಲ್ಲ. ಕಲಬುರಗಿಯಲ್ಲಿ ಬಿಸಿಲು ಏರುವ ಮೊದಲು ಒಂದು ತಾಸು ತಂಪು ಸಿಗುತ್ತದಲ್ಲ, ಆ ಹೊತ್ತಿನಲ್ಲಿ ಕಟ್ಟೆ ಮೇಲೆ ಚಹಾ ಹಿಡಿದು ಕೂತಿದ್ದೆ. ಕಂಪೌಂಡ್ ಗೋಡೆ ಮೇಲೆ ಹಕ್ಕಿಗಳಿಗೆ ಅಂತ ನಾನೇ ಇಟ್ಟ ಮಣ್ಣಿನ ತಟ್ಟೆ, ತುಂಬ ನೀರು. ಪಕ್ಕದಲ್ಲೇ ದಾಸವಾಳದ ಗಿಡ. ಒಂದು ಪಿಕಳಾರ ಬಂದು ತಟ್ಟೆಯ ಅಂಚಿನ ಮೇಲೆ ಕೂತಿತು. ತಲೆ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುತ್ತದಲ್ಲ, ಅದೇ ಬುಲ್‌ಬುಲ್. ಎರಡು ಸಲ ಕೊಕ್ಕು ಅದ್ದಿ, ತಲೆ ಎತ್ತಿ ನೀರು ಇಳಿಸಿತು. ಮೂರನೇ ಸಲ ಬಗ್ಗಿದಾಗ ದಾಸವಾಳದ ಎಲೆಗಳ ನಡುವಿಂದ ನಮ್ಮ ಬೆಕ್ಕು ಚಿನ್ನಿ ಹಾರಿತು.

ಕೂಗುತ್ತಾ ಓಡಿದೆ. ಚಿನ್ನಿ ಹಕ್ಕಿಯನ್ನು ಬಿಟ್ಟು ಗೋಡೆ ಹಾರಿ ಹೋಯಿತು. ಹಕ್ಕಿಯನ್ನು ಕೈಗೆ ಎತ್ತಿಕೊಂಡರೆ ರಕ್ತ ಇಲ್ಲ, ರೆಕ್ಕೆ ಮುರಿದಿಲ್ಲ. ರೆಕ್ಕೆಯ ಕೆಳಗೆ ಸೂಜಿ ಚುಚ್ಚಿದಂಥ ಎರಡು ತೂತು, ಅಷ್ಟೇ. ಬದುಕುತ್ತದೆ ಅಂದುಕೊಂಡೆ. ಮರುದಿನ ಮಧ್ಯಾಹ್ನ ಚಪ್ಪಲಿ ಡಬ್ಬಿಯಲ್ಲೇ ಸತ್ತುಹೋಯಿತು.

ನಾನು ಬೆಕ್ಕನ್ನು ತುಂಬಾ ಪ್ರೀತಿಸುತ್ತೇನೆ. ಹಕ್ಕಿಗಳನ್ನೂ ಅಷ್ಟೇ. ಮೂರು ವರ್ಷದಿಂದ ಬೇಸಿಗೆಯಲ್ಲಿ ನೀರಿಟ್ಟಿದ್ದು ಪುಣ್ಯದ ಕೆಲಸ ಅಂತ ನಂಬಿದ್ದೆ. ನಾನೇ ನೀರಿನ ಆಸೆ ತೋರಿಸಿ ಹಕ್ಕಿಗಳನ್ನು ಬೆಕ್ಕಿನ ಬಾಯಿಗೆ ಕರೆದಂತಾಗಿತ್ತು. ಆ ದಿನದಿಂದ ಇದಕ್ಕೆ ಏನೇನು ಉಪಾಯ ಇದೆ ಅಂತ ಹುಡುಕಿದೆ. ಕೆಲವನ್ನು ಮನೆಯಲ್ಲಿ ಮಾಡಿ ನೋಡಿದೆ, ಕೆಲವನ್ನು ಜೇವರ್ಗಿ ಹತ್ತಿರ ಇರುವ ಅಣ್ಣನ ಹೊಲದಲ್ಲಿ, ಕೆಲವನ್ನು ಬೀದರಿನ ತಂಗಿಯ ಮನೆಯಲ್ಲಿ ನೋಡಿದೆ. ಯಾವುದು ಯಾರಿಗೆ ಸರಿ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಬೆಕ್ಕು ಹಕ್ಕಿ ಹಿಡಿಯಲ್ಲ" ಅನ್ನುವ ಮುಂಚೆ

ಎಲ್ಲರೂ ಹೇಳುವ ಮಾತು ಇದು. ನಾನೂ ಹೇಳುತ್ತಿದ್ದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ 55 ಸಾಕು ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಬಿಟ್ಟರು. 44 ಶೇಕಡಾ ಬೆಕ್ಕುಗಳು ಬೇಟೆಯಾಡುತ್ತಿದ್ದವು. ಹಿಡಿದದ್ದರಲ್ಲಿ ಮನೆಗೆ ತಂದಿದ್ದು 23 ಶೇಕಡಾ ಮಾತ್ರ. ಸುಮಾರು ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟು ಹೋಗಿದ್ದವು. ಅಂದರೆ ಮೆಟ್ಟಿಲ ಮೇಲೆ ಒಂದು ಹಕ್ಕಿ ಸತ್ತು ಬಿದ್ದಿದ್ದರೆ ಇನ್ನೂ ಮೂರು ನಮ್ಮ ಕಣ್ಣಿಗೆ ಬೀಳದೆ ಹೋಗಿವೆ ಅಂತ ಲೆಕ್ಕ.

ಇಡೀ ಅಮೆರಿಕಕ್ಕೆ ಸೇರಿಸಿ 2013ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ಹೊರಗೆ ತಿರುಗುವ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಸಾಯುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಯಾರ ಮನೆಗೂ ಸೇರದ ಬೆಕ್ಕುಗಳದು. ನಡುಗಡ್ಡೆಗಳಲ್ಲಿ ಕತೆ ಇನ್ನೂ ಘೋರ. ನ್ಯೂಜಿಲೆಂಡಿನ ಸ್ಟೀಫನ್ಸ್ ಎಂಬ ಸಣ್ಣ ನಡುಗಡ್ಡೆಯಲ್ಲಿ ಹಾರಲು ಬಾರದ ಒಂದು ಪುಟ್ಟ ಹಕ್ಕಿ ಇತ್ತು. 1894ರಲ್ಲಿ ಅಲ್ಲಿ ದೀಪಸ್ತಂಭ ಶುರುವಾಯಿತು, ಜನರ ಜೊತೆ ಬೆಕ್ಕು ಬಂತು. ಒಂದೆರಡು ವರ್ಷದೊಳಗೆ ಆ ಹಕ್ಕಿಯ ಕುಲವೇ ಅಳಿಯಿತು. ಜಗತ್ತಿನಲ್ಲಿ ಹೀಗೆ ಬೆಕ್ಕಿನ ಪಾಲಿರುವ ಅಳಿವು 63 ಜೀವಿಗಳದು, ಅದರಲ್ಲಿ 40 ಹಕ್ಕಿಗಳು.

ನಮ್ಮ ನೆಲ ನಡುಗಡ್ಡೆಯಲ್ಲ, ಅದನ್ನೂ ಹೇಳಬೇಕು. ಇಲ್ಲಿ ಕಾಡುಬೆಕ್ಕು ಮೊದಲಿಂದಲೂ ಇದೆ. ನಮ್ಮ ಹಕ್ಕಿಗಳಿಗೆ ಬೆಕ್ಕಿನ ಜಾತಿ ಹೊಸದಲ್ಲ. ಹಕ್ಕಿಗಳು ಕಡಿಮೆಯಾಗಲು ದೊಡ್ಡ ಕಾರಣ ಹುಲ್ಲುಗಾವಲು ಹೋಗಿದ್ದು, ಬದುವಿನ ಕಂಟಿ ಕಡಿದಿದ್ದು, ಹೊಲಕ್ಕೆ ಹೊಡೆಯುವ ಔಷಧಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ, ಬಹಳ ವರ್ಷಗಳ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 60 ಶೇಕಡಾ ಇಳಿಮುಖವಾಗಿವೆ. ಬಯಲಿನ ಹಕ್ಕಿಗಳಿಗೆ ಏಟು ಜಾಸ್ತಿ. ಈಗಾಗಲೇ ಸೋತು ಸಣ್ಣಗಾದವುಗಳ ಮೇಲೆ ನಮ್ಮ ಬೆಕ್ಕೂ ಬಿದ್ದರೆ ಹೇಗೆ? ಕಾಡುಬೆಕ್ಕು ಹಸಿದರೆ ಸಾಯುತ್ತದೆ, ಇಲ್ಲಾಂದ್ರೆ ಜಾಗ ಬಿಟ್ಟು ಹೋಗುತ್ತದೆ. ನಮ್ಮ ಬೆಕ್ಕಿಗೆ ಮನೆಯ ಊಟ ಇದ್ದೇ ಇರುತ್ತದೆ. ಹಾಗಾಗಿ ಒಂದು ಓಣಿಯಲ್ಲಿ ಹತ್ತು ಬೆಕ್ಕು ಸಲೀಸಾಗಿ ಬದುಕುತ್ತವೆ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬ ನಾಟಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಕ್ಕಿಗೂಡುಗಳ ಹತ್ತಿರ ಸತ್ತ ಬೆಕ್ಕಿನ ತೊಗಲಿಗೆ ಹುಲ್ಲು ತುಂಬಿದಂಥ ಗೊಂಬೆಯನ್ನು ಬರೀ 15 ನಿಮಿಷ ಇಟ್ಟು ತೆಗೆದರು. ಆಮೇಲೆ ತಾಯಿಹಕ್ಕಿ ಮರಿಗಳಿಗೆ ತುತ್ತು ತರುವುದು ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಡಿಮೆಯಾಯಿತು. ಅದು ಗಾಬರಿಯಿಂದ ಕೂಗಾಡಿದ ಸದ್ದಿಗೆ ಕಾಗೆ ಜಾತಿಯ ಹಕ್ಕಿಗಳು ಗೂಡನ್ನು ಪತ್ತೆ ಮಾಡಿ ಲೂಟಿ ಮಾಡಿದವು. ಬೆಕ್ಕು ಏನೂ ಮುಟ್ಟದೆ ಸುಮ್ನೆ ಗೋಡೆ ಮೇಲೆ ಕೂತರೂ ಮರಿಗಳು ಉಪವಾಸ ಬೀಳುತ್ತವೆ.

ಗೆಜ್ಜೆಯೋ, ಬಣ್ಣದ ಬಟ್ಟೆಯೋ?

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಶರಣಬಸವೇಶ್ವರ ಜಾತ್ರೆಯಲ್ಲಿ ಎತ್ತಿನ ಸಾಮಾನು ಮಾರುವ ಅಂಗಡಿಯಿಂದ ಸಣ್ಣ ಗೆಜ್ಜೆ ತಂದು ಕಟ್ಟಿದೆ. ಒಂದು ವಾರ ಚಿನ್ನಿ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಆಮೇಲೆ ಅದು ಗೆಜ್ಜೆ ಅಲುಗದ ಹಾಗೆ ನಡೆಯುವುದನ್ನು ಕಲಿತುಕೊಂಡಿತು. ಕೊರಳನ್ನು ಒಂದಿಷ್ಟೂ ಆಡಿಸದೆ, ಹೊಟ್ಟೆ ನೆಲಕ್ಕೆ ತಾಗಿಸಿ, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿತ್ತು. ಗೆಜ್ಜೆ ಸದ್ದು ಮಾಡುತ್ತಿದ್ದುದು ಹಾರಿದ ಮೇಲೆಯೇ. ಅಷ್ಟರಲ್ಲಿ ಹಕ್ಕಿಗೆ ಹೊತ್ತು ಮೀರಿರುತ್ತದೆ.

ಗೆಜ್ಜೆಯ ಬಗ್ಗೆ ನಡೆದ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೆಜ್ಜೆ ಕಟ್ಟಿದ ಬೆಕ್ಕುಗಳು 41 ಶೇಕಡಾ ಕಡಿಮೆ ಹಕ್ಕಿ ತಂದಿದ್ದವು. 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು 12 ವಾರ ನೋಡಿದರು. ಅಲ್ಲಿ ಗೆಜ್ಜೆಯಿಂದ ಎದ್ದು ಕಾಣುವಂಥ ಲಾಭ ಏನೂ ಆಗಲಿಲ್ಲ. ಗೆಜ್ಜೆ ಕಟ್ಟಿದರೆ ನಷ್ಟ ಇಲ್ಲ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಅದೇ ಎಕ್ಸೆಟರ್ ಅಧ್ಯಯನದಲ್ಲಿ ಬಣ್ಣಬಣ್ಣದ ಬಟ್ಟೆಯ ಕೊರಳಪಟ್ಟಿ ಹಾಕಿದ ಬೆಕ್ಕುಗಳು ಮನೆಗೆ ತಂದ ಹಕ್ಕಿಗಳು 42 ಶೇಕಡಾ ಕಡಿಮೆಯಾದವು. ಕಾರಣ ಸರಳ. ಹಕ್ಕಿಗಳ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು 4 ಬಗೆ, ನಮ್ಮಲ್ಲಿ 3, ಇಲಿಯಲ್ಲಿ 2. ಗಿಡದ ಸಂದಿಯಲ್ಲಿ ಕೆಂಪು ಹಳದಿ ಅಲುಗಿದರೆ ಹಕ್ಕಿಗೆ ತಟ್ಟನೆ ಕಾಣುತ್ತದೆ. ಇಲಿಗೆ ಆ ಕೆಂಪು ಅಷ್ಟಾಗಿ ಗೊತ್ತಾಗುವುದಿಲ್ಲ. ಆ ಅಧ್ಯಯನದಲ್ಲೂ ಇಲಿ ಹಿಡಿಯುವುದು ಕಡಿಮೆಯಾಗಲಿಲ್ಲ. ಇಲಿಗೆ ಅಂತಲೇ ಬೆಕ್ಕು ಸಾಕಿದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ನಮ್ಮ ಮನೆಯಲ್ಲಿ ಅವ್ವ ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿದು ಕೊಟ್ಟಳು. ಕೆಂಪು ನೆಲದ ಮೇಲೆ ಬಿಳಿ ತೋಪು, ಅಗಲ ಎರಡು ಇಂಚು. ಬಟ್ಟೆಯನ್ನು ಕೊಳವೆಯ ಹಾಗೆ ಹೊಲಿದು ಒಳಗೆ ಕೊರಳಪಟ್ಟಿ ತೂರಿಸಬೇಕು, ಕೊರಳ ಸುತ್ತ ನೆರಿಗೆ ನೆರಿಗೆಯಾಗಿ ನಿಲ್ಲುತ್ತದೆ. ಪಕ್ಕದ ಮನೆಯ ಕಾಕಾ ನೋಡಿ, "ಯಾಕವ್ವ, ಬೆಕ್ಕಿಗಿ ಮದಿವಿ ಇಟ್ಕೊಂಡೀರೇನು?" ಅಂದರು. ಕಾರಣ ಹೇಳಿದೆ. ಮರುವಾರ ತಮ್ಮ ಬೆಕ್ಕಿಗೂ ಒಂದು ಹೊಲಿಸಿಕೊಂಡು ಹೋದರು.

ಒಂದು ಎಚ್ಚರ ಮಾತ್ರ ಮರೆಯಬೇಡಿ. ದಾರ, ರಿಬ್ಬನ್, ಬೆಲ್ಟಿನಂಥ ಗಟ್ಟಿ ಪಟ್ಟಿ ಕಟ್ಟಬಾರದು. ಬೆಕ್ಕು ಕೊಂಬೆಗೆ ಸಿಕ್ಕಿಬಿದ್ದರೆ ಉರುಲಾಗುತ್ತದೆ. ಮುಂಗಾಲು ಪಟ್ಟಿಯೊಳಗೆ ಸಿಕ್ಕಿ ಕಂಕುಳು ಕೊಯ್ದುಕೊಂಡ ಬೆಕ್ಕನ್ನು ನಾನೇ ನೋಡಿದ್ದೇನೆ. ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ಕಾಲರ್ ಅಂತ ಕೇಳಿ ತನ್ನಿ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ.

ಬಟ್ಟೆಯೂ ಮರಿಗಳನ್ನು ಉಳಿಸುವುದಿಲ್ಲ. ಪಿಕಳಾರದ ಮರಿಗಳು ಎರಡು ವಾರ ತುಂಬುವ ಹೊತ್ತಿಗೆ ಗೂಡು ಬಿಡುತ್ತವೆ, ಸರಿಯಾಗಿ ಹಾರಲು ಇನ್ನೂ ಕೆಲವು ದಿನ ಬೇಕು. ಆ ದಿನಗಳಲ್ಲಿ ಬೆಕ್ಕು ಕಂಡರೂ ಅವು ಎಲ್ಲಿಗೆ ಹಾರಬೇಕು?

ಒಳಗೆ ಇಡುವುದು: ದಿನವಿಡೀ ಅಥವಾ ಹೊತ್ತು ನೋಡಿ

ಹಕ್ಕಿಗಳ ಕಡೆಯಿಂದ ನೋಡಿದರೆ ಬೆಕ್ಕು ಮನೆಯೊಳಗೇ ಇರುವುದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಬೆಕ್ಕಿಗೂ ಒಳ್ಳೆಯದೇ. ನಾಯಿ, ಗಾಡಿ, ಜಗಳ, ಇಲಿಪಾಷಾಣ ತಿಂದ ಇಲಿ, ಇವ್ಯಾವುದರ ಭಯವೂ ಇಲ್ಲ.

ಬೀದರಿನ ತಂಗಿಯ ಮನೆ ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಅವಳ ಬೆಕ್ಕು ಮರಿಯಿದ್ದಾಗಿಂದಲೂ ಹೊರಗೆ ಹೋಗಿಲ್ಲ. ಬಾಲ್ಕನಿಗೆ ಮೊದಲು ಪಾರಿವಾಳದ ನೈಲಾನ್ ಬಲೆ ಹಾಕಿಸಿದ್ದಳು. ಬೆಕ್ಕು ಅದನ್ನು ಹಲ್ಲಿನಿಂದ ಕಡಿದು ತೂತು ಮಾಡಿತು. ಈಗ ತಂತಿ ಜಾಲರಿ ಹಾಕಿಸಿದ್ದಾಳೆ. ಬೆಕ್ಕು ಅಲ್ಲಿ ಕೂತು ಹೊರಗಿನ ಹಕ್ಕಿ ನೋಡುತ್ತದೆ, ಹಲ್ಲು ಕಟಕಟ ಆಡಿಸುತ್ತದೆ, ಆಮೇಲೆ ಮಲಗುತ್ತದೆ. ಹೊಸದಾಗಿ ಮರಿ ತರುವವರಿಗೆ, ಬಾಗಿಲು ಹಾಕಿಕೊಳ್ಳಬಹುದಾದ ಮನೆ ಇರುವವರಿಗೆ ನಾನು ಹೇಳುವುದು ಇದನ್ನೇ. ಹೊರಗಿನ ರುಚಿ ನೋಡದ ಬೆಕ್ಕಿಗೆ ಹೊರಗಿನ ಹಂಬಲವೂ ಕಡಿಮೆ.

ಹಳೇ ಮನೆಗಳಲ್ಲಿ ಇದು ಆಗುವ ಮಾತಲ್ಲ. ನಮ್ಮದು ಶಹಾಬಾದ್ ಕಲ್ಲಿನ ಮನೆ, ನಡುವೆ ತೆರೆದ ಅಂಗಳ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಇರುವಾಗ ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತೇವೆ, ಬಾಗಿಲು ಕಿಟಕಿ ತೆರೆದೇ ಇರುತ್ತವೆ. ಮೂರು ವರ್ಷ ಹೊರಗೆ ತಿರುಗಿದ ಬೆಕ್ಕನ್ನು ಇಂಥ ಮನೆಯಲ್ಲಿ ಕೂಡಿ ಹಾಕುವುದು ನನ್ನಿಂದ ಆಗಲಿಲ್ಲ.

ಆಗ ಹೊತ್ತು ನೋಡಿ ಒಳಗೆ ಇಡಲು ಶುರು ಮಾಡಿದೆ. ಬೆಕ್ಕು ಬೇಟೆಯಾಡುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹಕ್ಕಿಗಳು ನೆಲಕ್ಕೆ ಇಳಿದು ಮೇಯುವುದೂ ಅದೇ ಹೊತ್ತು. ನಮ್ಮ ಕಡೆ ಸುಡುವ ಮಧ್ಯಾಹ್ನದಲ್ಲಿ ಬೆಕ್ಕು ತಾನಾಗಿಯೇ ತಣ್ಣನೆ ಕಲ್ಲಿನ ಮೇಲೆ ಚಾಚಿಕೊಂಡು ಮಲಗಿರುತ್ತದೆ. ಸಂಜೆ ಐದೂವರೆಯಿಂದ ಬೆಳಗ್ಗೆ ಎಂಟರವರೆಗೆ ಒಳಗಿದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ.

ಹೇಗೆ ಒಳಗೆ ತರುವುದು? ಊಟದಿಂದ. ದಿನದ ದೊಡ್ಡ ಊಟವನ್ನು ಸಂಜೆ ಒಂದೇ ಹೊತ್ತಿಗೆ, ಒಳಕೋಣೆಯಲ್ಲಿ ಕೊಡಿ. ತಟ್ಟೆಗೆ ಚಮಚ ಬಡಿದು ಕರೆಯಿರಿ. ಹತ್ತು ದಿನದಲ್ಲಿ ಚಿನ್ನಿ ಆ ಸದ್ದಿಗೆ ಎಲ್ಲಿದ್ದರೂ ಬರತೊಡಗಿತು. ಮೊದಲ ವಾರ ರಾತ್ರಿ ಕೂಗಿ ಕೂಗಿ ನಿದ್ದೆ ಕೆಡಿಸಿತು, ನಿಜ. ಅಗಲವಾದ ಬುಟ್ಟಿಯಲ್ಲಿ ಉಸುಕು ಹಾಕಿ ಇಟ್ಟೆ, ಅದರಲ್ಲೇ ಹೋಗಲು ಕಲಿಯಿತು. ಉಸುಕನ್ನು ದಿನಾ ತೆಗೆಯಬೇಕು. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ, ಬೆಕ್ಕಿನ ಮಲದಿಂದ ಹೊಟ್ಟೆಯೊಳಗಿನ ಕೂಸಿಗೆ ತೊಂದರೆ ಮಾಡುವ ಟಾಕ್ಸೊಪ್ಲಾಸ್ಮಾ ಸೋಂಕು ತಗುಲಬಹುದು. ಕೋಣೆಗೆ ಗಾಳಿ ಇರಲಿ, ನೀರಿನ ಬಟ್ಟಲು ಎರಡು ಇರಲಿ.

ಅಂಗಳದಲ್ಲಿ ಗೂಡು ಕಂಡರೆ ಮರಿಗಳು ಹಾರಿ ಹೋಗುವವರೆಗೆ ಹಗಲೂ ಬಿಡಬೇಡಿ. ಆ ಎರಡು ಮೂರು ವಾರ ಕಷ್ಟ ಪಟ್ಟರೆ ಒಂದು ಸಂಸಾರ ಉಳಿಯುತ್ತದೆ.

ಹಾಲು-ರೊಟ್ಟಿಯ ಬೆಕ್ಕು

ನಮ್ಮ ಭಾಗದಲ್ಲಿ ಸಸ್ಯಾಹಾರದ ಮನೆಗಳು ಬಹಳ. ಬೆಕ್ಕಿಗೆ ಸಿಗುವುದು ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ. ಪ್ರೀತಿಯಿಂದಲೇ ಹಾಕುತ್ತೇವೆ. ಆದರೆ ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಒಂದು ಅಂಶ ಅದಕ್ಕೆ ಬೇಕೇ ಬೇಕು, ಮೈಯಲ್ಲಿ ಸಾಕಷ್ಟು ಹುಟ್ಟುವುದಿಲ್ಲ, ರೊಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಹಾಲನ್ನು ಅರಗಿಸಿಕೊಳ್ಳುವುದೂ ಇಲ್ಲ. ಹೊಟ್ಟೆ ತುಂಬಿದರೂ ಮೈ ಬೇಡುವುದು ಸಿಗದ ಬೆಕ್ಕು ಅದನ್ನು ಹೊರಗೆ ಹುಡುಕಿಕೊಳ್ಳುತ್ತದೆ.

ಎಕ್ಸೆಟರ್ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ಧಾನ್ಯ ಇಲ್ಲದ, ಮಾಂಸ ಜಾಸ್ತಿ ಇರುವ ಆಹಾರ ಕೊಟ್ಟ ಮನೆಗಳಲ್ಲಿ ಬೆಕ್ಕು ತಂದ ಬೇಟೆ 36 ಶೇಕಡಾ ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ದಾರಕ್ಕೆ ಗರಿ ಕಟ್ಟಿ ಆಡಿಸಿದ ಮನೆಗಳಲ್ಲಿ 25 ಶೇಕಡಾ. ಯಾವುದನ್ನೂ ಕೂಡಿ ಹಾಕದೆ, ಕಟ್ಟದೆ ಇಷ್ಟು ಆಗಿದೆ. ಇನ್ನೊಂದು ಕಡೆ, ಒಳಗೆ ಕಾಳು ಬಚ್ಚಿಟ್ಟು ಬೆಕ್ಕೇ ಕೆದಕಿ ತೆಗೆಯುವಂಥ ಡಬ್ಬಿ ಕೊಟ್ಟವರ ಬೆಕ್ಕುಗಳು 33 ಶೇಕಡಾ ಜಾಸ್ತಿ ಬೇಟೆ ತಂದವು. ಆ ಡಬ್ಬಿಗೆ ದುಡ್ಡು ಹಾಕಬೇಡಿ.

ಮನೆಯಲ್ಲಿ ಮಾಂಸ ಮಾಡದವರು ಏನು ಮಾಡಬೇಕು? ಬೆಕ್ಕಿನ ಒಣ ಆಹಾರದ ಪ್ಯಾಕೆಟ್ ತನ್ನಿ. ಅಗ್ಗದ್ದರಲ್ಲಿ ಧಾನ್ಯ ಜಾಸ್ತಿ ಇರುತ್ತದೆ, ಆದರೂ ಟಾರಿನ್ ಸೇರಿಸಿರುತ್ತಾರೆ, ಹಾಲು-ರೊಟ್ಟಿಗಿಂತ ಎಷ್ಟೋ ಮೇಲು. ಪ್ಯಾಕೆಟಿನ ಹಿಂದೆ ಮೊದಲ ಹೆಸರು ಕೋಳಿಯದೋ ಮೀನಿನದೋ ಇರುವುದನ್ನು ನೋಡಿ ಆರಿಸಿ. ಮೊಟ್ಟೆ ನಡೆಯುವ ಮನೆಯಾದರೆ ಬೇಯಿಸಿದ ಮೊಟ್ಟೆ ಜೊತೆಗೆ ಕೊಡಬಹುದು. ಮಾಂಸ ನಡೆಯುವ ಮನೆಯಾದರೆ ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಎಲುಬು ತೆಗೆದು ಹಾಕಿ. ಉಳ್ಳಾಗಡ್ಡಿ ಬೆಕ್ಕಿಗೆ ವಿಷ. ಲಿವರ್ ದಿನಾ ಬೇಡ, ವಾರಕ್ಕೊಮ್ಮೆ ಸಾಕು.

ಗರಿ ಆಟವನ್ನು ನಮ್ಮ ಮನೆಯಲ್ಲಿ ಮಗಳು ವಹಿಸಿಕೊಂಡಿದ್ದಾಳೆ. ಸಂಜೆ ಒಳಗೆ ಬಂದ ಮೇಲೆ ಮೊದಲು ಆಟ, ಆಮೇಲೆ ಊಟ. ಹಾಗೆ ಮಾಡಿದರೆ ಬೇಟೆಯಾಡಿ ತಿಂದ ಸಮಾಧಾನ ಬೆಕ್ಕಿಗೆ ಸಿಗುತ್ತದೆ, ರಾತ್ರಿ ಕೂಗುವುದೂ ಕಡಿಮೆ.

ಓಣಿಯ ಬೆಕ್ಕುಗಳಿಗೆ ಆಪರೇಷನ್ನೋ, ಚೀಲವೋ?

ನಮ್ಮದೇ ಬೆಕ್ಕಿಗೆ ಏನಾದರೂ ಮಾಡಬಹುದು. ಯಾರದೂ ಅಲ್ಲದ ಬೆಕ್ಕುಗಳಿಗೆ?

ಹೆಚ್ಚಿನವರು ಮಾಡುವುದು ಒಂದೇ. ಗೋಣಿಚೀಲದಲ್ಲಿ ಹಾಕಿ, ಗಾಡಿ ಮೇಲೆ ಇಟ್ಟುಕೊಂಡು, ಊರಾಚೆ ಬಿಟ್ಟು ಬರುವುದು. "ಅಡವ್ಯಾಗ ಇಲಿ ತಿಂದು ಬದುಕ್ತಾವ ಬಿಡ್ರಿ" ಅನ್ನುತ್ತಾರೆ. ಇರುವ ಎಲ್ಲ ದಾರಿಗಳಲ್ಲಿ ಅತಿ ಕೆಟ್ಟದ್ದು ಇದು. ಒಂದು, ಖಾಲಿಯಾದ ಓಣಿಗೆ ಪಕ್ಕದ ಓಣಿಯ ಬೆಕ್ಕುಗಳು ಬಂದು ಸೇರುತ್ತವೆ, ತಿಪ್ಪೆಯ ಊಟ ಅಲ್ಲೇ ಇದೆಯಲ್ಲ. ಎರಡು, ಬಿಟ್ಟ ಬೆಕ್ಕು ನಾಯಿಗಳ ಬಾಯಿಗೆ ಬೀಳುತ್ತದೆ, ಇಲ್ಲಾಂದ್ರೆ ಹಸಿದು ಸಾಯುತ್ತದೆ. ಹೀಗೆ ನರಳಲು ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಮೂರನೆಯದು ಹಕ್ಕಿಗಳ ಪಾಲಿಗೆ ದೊಡ್ಡದು. ಊರಾಚೆ ಅಂದರೆ ಹೊಲ, ಬಯಲು, ಕೆರೆ ದಂಡೆ. ನೆಲಗುಬ್ಬಿ, ಗೌಜುಗ, ಲಾವಕ್ಕಿ, ಟಿಟ್ಟಿಭ, ಇವೆಲ್ಲ ಬರೀ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು. ಟಿಟ್ಟಿಭದ ಗೂಡು ಅಂದರೆ ನಾಲ್ಕು ಬೆಣಚುಕಲ್ಲಿನ ನಡುವೆ ನಾಲ್ಕು ಮೊಟ್ಟೆ, ಅಷ್ಟೇ. ಅಲ್ಲಿ ಹಸಿದ ಬೆಕ್ಕನ್ನು ಇಳಿಸಿದರೆ ಏನುಳಿಯುತ್ತದೆ? 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿಯ ಕಾಡಿನ ಅಂಚಿನಲ್ಲಿ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ದಂಡೆಯಲ್ಲಿ ಬೆಕ್ಕು ಬಿಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಊರ ಬೆಕ್ಕಿನ ರೋಗಗಳು ಕಾಡುಬೆಕ್ಕಿಗೂ ಅಂಟುತ್ತವೆ, ಎರಡೂ ಕೂಡಿ ಮರಿ ಹಾಕಿದರೆ ಕಾಡುಬೆಕ್ಕಿನ ತಳಿಯೂ ಕಲಬೆರಕೆಯಾಗುತ್ತದೆ.

ಬೆಕ್ಕು ಹಿಡಿದು, ಮರಿ ಆಗದಂತೆ ಆಪರೇಷನ್ ಮಾಡಿಸಿ, ಮತ್ತೆ ಅದೇ ಓಣಿಗೆ ಬಿಡುವುದು ನಿಧಾನದ ದಾರಿ, ಆದರೆ ಸರಿಯಾದ ದಾರಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ಎರಡು ತಿಂಗಳ ಮೇಲೆ ಒಂದಿಷ್ಟು ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟುತ್ತದೆ. ಹಾಗಾಗಿ ಒಂದೆರಡು ಬೆಕ್ಕಿಗೆ ಮಾಡಿ ಕೈಬಿಟ್ಟರೆ ಲಾಭವಿಲ್ಲ. ಓಣಿಯ ಬಹುಪಾಲು ಬೆಕ್ಕುಗಳಿಗೆ ಆಗಬೇಕು, ಹೊಸದಾಗಿ ಬಂದವಕ್ಕೂ ಮಾಡಿಸುತ್ತಿರಬೇಕು. ಆಪರೇಷನ್ ಆದ ಬೆಕ್ಕೂ ಹಕ್ಕಿ ಹಿಡಿಯುತ್ತದೆ ಅನ್ನುವುದೂ ನೆನಪಿರಲಿ. ಇದರ ಫಲ ಕಾಣುವುದು ಮೂರು ನಾಲ್ಕು ವರ್ಷದ ಮೇಲೆ, ಬೆಕ್ಕುಗಳ ಸಂಖ್ಯೆ ಇಳಿದಾಗ.

ನಮ್ಮ ಓಣಿಯಲ್ಲಿ ಇದು ಸಾಧ್ಯವಾಗಿದ್ದು ಮಟನ್ ಅಂಗಡಿಯ ಚಾಚಾ ಅವರಿಂದ. ವರ್ಷಗಳಿಂದ ಉಳಿದ ತುಣುಕುಗಳನ್ನು ಬೆಕ್ಕುಗಳಿಗೆ ಹಾಕುತ್ತಾ ಬಂದವರು. ನಾನು ಎರಡು ದಿನ ಪಂಜರ ಇಟ್ಟುಕೊಂಡು ಕಾದರೂ ಒಂದೂ ಹತ್ತಿರ ಬರಲಿಲ್ಲ. ಚಾಚಾ ಬಂದು, "ತಂಗಿ, ನೀ ದೂರ ನಿಂದ್ರು. ಇವು ನನ್ನ ದನಿ ಕೇಳಿದ್ರ ಬರ್ತಾವ," ಅಂದರು. ನಾಲಿಗೆಯಿಂದ ಟಕ್ ಟಕ್ ಅನ್ನಿಸಿದ ಕೂಡಲೇ ಆರು ಬೆಕ್ಕು ಗೋಡೆ ಇಳಿದು ಬಂದವು. ಒಂದು ವಾರದಲ್ಲಿ ಒಂಬತ್ತು ಬೆಕ್ಕು ಹಿಡಿದೆವು. ದಿನಾ ಊಟ ಹಾಕುವವರು ಯಾರೋ ಅವರನ್ನು ಮೊದಲು ಮಾತಾಡಿಸಿ. ಬೆಕ್ಕಿಗೆ ಊಟ ಹಾಕಬೇಡಿ ಅಂತ ಅವರ ಜೊತೆ ಜಗಳಕ್ಕೆ ನಿಂತರೆ ಇರುವ ಒಂದೇ ನೆರವೂ ಹೋಗುತ್ತದೆ.

ಹಿಡಿಯುವ ಮೊದಲು ಪಶು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ, ಅಲ್ಲಿ ಕೇಳಿ. ಆಪರೇಷನ್ ದಿನವೇ ರೇಬಿಸ್ ಲಸಿಕೆ ಹಾಕಿಸಲು ಆಗುತ್ತದಾ ಅಂತಲೂ ವಿಚಾರಿಸಿ, ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಎಡಕಿವಿಯ ತುದಿ ಚೂರು ಕತ್ತರಿಸಲು ಹೇಳಿ, ಅರಿವಳಿಕೆಯಲ್ಲಿ ಇರುವುದರಿಂದ ನೋವಾಗುವುದಿಲ್ಲ. ಆ ಗುರುತು ಇದ್ದರೆ ಅದೇ ಬೆಕ್ಕನ್ನು ಯಾರೂ ಎರಡನೇ ಸಲ ಹಿಡಿಯುವುದಿಲ್ಲ.

ಹೊಲದ ಮನೆಗೆ ಬೆಕ್ಕು ಬೇಕೇ?

ಅಣ್ಣನ ಮಾತು, "ತೊಗರಿ ಚೀಲ ಇಲಿ ಕಡಿತಾವ, ಬೆಕ್ಕ ಇಲ್ಲಾಂದ್ರ ಹ್ಯಾಂಗ?" ಅದರಲ್ಲಿ ನಿಜ ಇದೆ. ಚಿಕ್ಕ ಇಲಿಗಳನ್ನು ಬೆಕ್ಕು ಹಿಡಿಯುತ್ತದೆ. ಹೆಗ್ಗಣದ ತಂಟೆಗೆ ಹೋಗುವುದು ಅಪರೂಪ. ನ್ಯೂಯಾರ್ಕಿನಲ್ಲಿ ಕಸ ವಿಂಗಡಿಸುವ ಒಂದು ಕಟ್ಟಡದಲ್ಲಿ ಇಲಿಗಳ ದಂಡೇ ಇತ್ತು, ಬೆಕ್ಕುಗಳೂ ಇದ್ದವು. ಐದು ತಿಂಗಳಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದರು. ಬೆಕ್ಕುಗಳು ಕೊಂದಿದ್ದು 2 ದೊಡ್ಡ ಇಲಿ. ಇಲಿಗಳು ಬೆಕ್ಕು ಕಂಡಾಗ ಅಡಗಿಕೊಂಡವು, ಅಷ್ಟೇ.

ಹೊಲದ ಮನೆಯಲ್ಲಿ ಆಪರೇಷನ್ ಆದ ಒಂದೇ ಬೆಕ್ಕು, ಕೊರಳಿಗೆ ಬಣ್ಣದ ಬಟ್ಟೆ, ರಾತ್ರಿ ಗೋದಾಮಿನೊಳಗೇ ಕೂಡಿ ಹಾಕುವುದು. ಅಣ್ಣನಿಗೆ ನಾನು ಒಪ್ಪಿಸಿದ್ದು ಇಷ್ಟು. ಬೆಕ್ಕು ಇಲಿ ಇರುವ ಕಡೆ ಇರುತ್ತದೆ, ಹೊಲದ ನೆಲಗುಬ್ಬಿಗಳಿಂದ ದೂರ ಇರುತ್ತದೆ. ಜೊತೆಗೆ ಚೀಲಗಳನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ಹಲಗೆ ಮೇಲೆ ಏರಿಸಿದರು, ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆದರು. ಪೆನ್ಸಿಲ್ ತೂರುವಷ್ಟು ಜಾಗ ಸಿಕ್ಕರೂ ಚಿಕ್ಕ ಇಲಿ ಒಳಗೆ ಬರುತ್ತದೆ. ವಿಷ ಇಡುವುದನ್ನು ಬಿಡಿಸಿದೆ, ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ, ಗೂಬೆಯೂ ಸಾಯುತ್ತದೆ. ಹಾಳು ಬಾವಿಯಲ್ಲೋ ಹಳೇ ಗೋಡೆಯ ಪೊಟರೆಯಲ್ಲೋ ಬಿಳಿ ಮುಖದ ಗೂಬೆ ಇದ್ದರೆ ಅಪಶಕುನ ಅಂತ ಓಡಿಸಬೇಡಿ. ರಾತ್ರಿಯಿಡೀ ಇಲಿ ಹಿಡಿಯುವ ಅಂಥ ಆಳು ಬೇರೆ ಸಿಗುವುದಿಲ್ಲ.

ನೀರಿನ ತಟ್ಟೆ, ಬೇವಿನ ಮರ

ಇವು ಬೆಕ್ಕನ್ನು ಮುಟ್ಟದೆ ಮಾಡುವ ಕೆಲಸಗಳು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಓಣಿಯ ಬೆಕ್ಕು ನಿಮ್ಮ ಹಿಡಿತದಲ್ಲಿ ಇಲ್ಲದಿದ್ದರೆ ಇಲ್ಲಿಂದಲೇ ಶುರು ಮಾಡಿ.

ನೀರಿನ ತಟ್ಟೆಯ ಸುತ್ತ ಕನಿಷ್ಠ ಎಂಟು ಅಡಿ ಗಿಡ, ಕುಂಡ, ಗೋಡೆ ಏನೂ ಇರಬಾರದು. ಬೆಕ್ಕು ಅಡಗಿ ಕೂರಲು ಜಾಗ ಸಿಗದಿದ್ದರೆ ಹಕ್ಕಿಗೆ ಹಾರಲು ಹೊತ್ತು ಸಿಗುತ್ತದೆ. ನಾನು ಐದಡಿ ಎತ್ತರದ ಕಬ್ಬಿಣದ ಪೈಪ್ ನೆಟ್ಟು, ಮೇಲೆ ತಟ್ಟೆ ಕೂರಿಸಿ, ಪೈಪಿನ ನಡುವೆ ಹಳೇ ಬೋಗುಣಿಯೊಂದನ್ನು ಬೋರಲು ಹಾಕಿ ಬಿಗಿಸಿದ್ದೇನೆ. ಬೆಕ್ಕು ಹತ್ತಿದರೂ ಅಲ್ಲಿಂದ ಮೇಲೆ ಹೋಗಲಾರದು. ನೀರು ಕಾಯದಂತೆ ತಟ್ಟೆಗೆ ಮಧ್ಯಾಹ್ನದ ನೆರಳು ಬೀಳುವ ಜಾಗ ನೋಡಿ. ಕಾಳು ಹಾಕುವವರು ನೆಲದ ಮೇಲೆ ಚೆಲ್ಲಬೇಡಿ.

ಗೂಡಿರುವ ಬೇವಿನ ಮರದ ಕಾಂಡಕ್ಕೆ ಎದೆ ಎತ್ತರದಲ್ಲಿ ಎರಡಡಿ ಅಗಲದ ನುಣುಪು ತಗಡು ಸುತ್ತಿ. ಮೊಳೆ ಹೊಡೆಯದೆ ತಂತಿಯಿಂದ ಕಟ್ಟಿ, ವರ್ಷಕ್ಕೊಮ್ಮೆ ಸಡಿಲಿಸಿ. ಪಕ್ಕದ ಗೋಡೆಯಿಂದ ಕೊಂಬೆಗೆ ಹಾರುವಂತಿದ್ದರೆ ಮಾತ್ರ ಇದು ಉಪಯೋಗಕ್ಕೆ ಬಾರದು. ಕೆಳಮಟ್ಟದ ಗಿಡದಲ್ಲಿ ಗೂಡಿದ್ದರೆ ಬುಡದ ಸುತ್ತ ಬಳ್ಳಾರಿ ಜಾಲಿಯ ಒಣ ಮುಳ್ಳು ಹರಡಿ. ದಾಸವಾಳದ ಬುಡಕ್ಕೆ ಈಗ ನಾನು ಹಾಕಿದ್ದು ಅದನ್ನೇ.

ನಿಮಗೆ ಯಾವುದು?

ಒಂದೇ ಒಂದು ಮಾಡಲು ಸಾಧ್ಯ ಅನ್ನುವವರು ಸಂಜೆ ಊಟ ಕೊಟ್ಟು ರಾತ್ರಿ ಒಳಗೆ ಇಡಿ. ಎರಡು ಆಗುತ್ತದೆ ಅಂದರೆ ಆಪರೇಷನ್ ಸೇರಿಸಿ. ಬಾಗಿಲು ಹಾಕಲಾಗದ ಹಳೇ ಮನೆಯವರಿಗೆ ಬಣ್ಣದ ಬಟ್ಟೆ ಮತ್ತು ಮಾಂಸದ ಆಹಾರ ಎರಡೂ ಬೇಕು, ಒಂದರಿಂದ ಸಾಲದು. ಹೊಸ ಮರಿ ತರುವವರು ಮೊದಲ ದಿನದಿಂದಲೇ ಒಳಗೆ ಸಾಕಿ. ಬೆಕ್ಕೇ ಇಲ್ಲದವರು ನೀರಿನ ತಟ್ಟೆಯ ಜಾಗ ಬದಲಿಸಿ, ಓಣಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಪಂಜರ ಕೊಳ್ಳಿ. ಗೆಜ್ಜೆ ಇದ್ದರೆ ಇರಲಿ. ಚೀಲದ ದಾರಿ ಯಾರಿಗೂ ಬೇಡ.

ಇಷ್ಟಾದರೂ ಹಕ್ಕಿ ಬಾಯಿಗೆ ಸಿಕ್ಕರೆ

ಗಾಯ ಕಾಣದಿದ್ದರೂ ಅದು ಅಪಾಯದಲ್ಲಿದೆ. ಬೆಕ್ಕಿನ ಹಲ್ಲಿನಲ್ಲಿ ಪಾಶ್ಚುರೆಲ್ಲಾ ಅನ್ನುವ ರೋಗಾಣು ಇರುತ್ತದೆ, ಸೂಜಿಮೊನೆಯಷ್ಟು ತೂತಿನಿಂದಲೂ ರಕ್ತಕ್ಕೆ ಇಳಿದು ಒಂದೆರಡು ದಿನದಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ಬಟ್ಟೆಯಲ್ಲಿ ಮೆಲ್ಲಗೆ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಇಟ್ಟು, ಕತ್ತಲೆಯಲ್ಲಿ, ಸದ್ದಿಲ್ಲದ ಜಾಗದಲ್ಲಿ ಇಡಿ. ಕೊಕ್ಕು ತೆರೆದು ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಅದೇ ದಿನ, ಆದಷ್ಟು ಬೇಗ ಪಶುವೈದ್ಯರ ಹತ್ತಿರ ಒಯ್ದು, ಬೆಕ್ಕು ಕಚ್ಚಿದೆ ಅಂತ ಬಾಯಿಬಿಟ್ಟು ಹೇಳಿ, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಚೇತರಿಸಿಕೊಂಡರೆ ಹಿಡಿದ ಜಾಗದಲ್ಲೇ ಬೆಳಗ್ಗೆ ಬಿಡಿ. ಕಾಡು ಹಕ್ಕಿಯನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಇದು ನನಗೆ ಗೊತ್ತಿರಲಿಲ್ಲ. ಈ ಫೆಬ್ರವರಿಯಲ್ಲಿ ಪಕ್ಕದ ಮನೆಯ ಹುಡುಗ ಒಂದು ಗುಬ್ಬಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡಿ ಬಂದಾಗ ಡಬ್ಬಿ ಸಿದ್ಧವಿತ್ತು. ಐದು ದಿನ ಔಷಧಿ ಹಾಕಿದೆವು. ಆರನೇ ದಿನ ಬೆಳಗ್ಗೆ ಡಬ್ಬಿ ತೆರೆದಾಗ ಸ್ವಲ್ಪ ಹೊತ್ತು ಅಂಚಿನ ಮೇಲೆ ಕೂತು, ಬೇವಿನ ಮರಕ್ಕೆ ಹಾರಿತು. ಚಿನ್ನಿ ಒಳಗೆ ಮಲಗಿತ್ತು, ಎಂಟು ಗಂಟೆ ಆಗಲು ಇನ್ನೂ ಹೊತ್ತಿತ್ತು.